ಬ್ಯಾಗು ಸಿಕ್ಕಿತು, ಅದು ಬಂದ ದಾರಿ?

2023ರ ಸೆಪ್ಟೆಂಬರ್ 6ರ ರಾತ್ರಿ ಬ್ಯಾಂಕಾಕಿನಿಂದ ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣಕ್ಕೆ ಬಂದಿಳಿದ ವಿಮಾನವೊಂದರ ಸಾಮಾನಿನಲ್ಲಿ, ಯಾರೂ ಬಂದು ಒಯ್ಯದೆ ಉಳಿದಿದ್ದ ಬ್ಯಾಗೇಜನ್ನು ಕಸ್ಟಮ್ಸ್ ಅಧಿಕಾರಿಗಳು ತೆರೆಸಿ ನೋಡಿದಾಗ ಒಳಗೆ 78 ಪ್ರಾಣಿಗಳಿದ್ದವು: ಬಾಲ್ ಪೈಥಾನ್ ಎಂದು ಕರೆಯುವ ಸಣ್ಣ ಜಾತಿಯ ಹೆಬ್ಬಾವುಗಳು 55, ಕಾಳಿಂಗ ಸರ್ಪಗಳು 17, ಕ್ಯಾಪುಚಿನ್ ಕೋತಿಗಳು 6. ಹಾವುಗಳು ಬದುಕಿದ್ದವು, ಕೋತಿಗಳು ಆರೂ ಸತ್ತಿದ್ದವು. ಆಗುಂಬೆಯ ಸುತ್ತಿನ ಕಾಡುಗಳು ಕಾಳಿಂಗನ ಮನೆಯೆಂದು ಜಗತ್ತಿಗೆಲ್ಲ ಗೊತ್ತಿರುವ ನಾಡಿಗೆ ಹೊರದೇಶದಿಂದ ಹದಿನೇಳು ಕಾಳಿಂಗಗಳು ಚೀಲದಲ್ಲಿ ಬಂದವೆಂಬುದನ್ನು ಓದಿದಾಗ ನನಗಾದ ಸಂಕಟ ಇನ್ನೂ ಇಳಿದಿಲ್ಲ. ಅದಕ್ಕೆ ಎರಡು ವಾರ ಮೊದಲಷ್ಟೇ, ಅದೇ ಬ್ಯಾಂಕಾಕಿನಿಂದ ಬಂದ ಪ್ರಯಾಣಿಕರೊಬ್ಬರ ಟ್ರಾಲಿ ಬ್ಯಾಗಿನಲ್ಲಿ 234 ಪ್ರಾಣಿಗಳು ಸಿಕ್ಕಿದ್ದವು. ಅವುಗಳ ನಡುವೆ ಇದ್ದ ಕಾಂಗರೂ ಮರಿಯೊಂದು ಬದುಕಿ ಉಳಿದಿರಲಿಲ್ಲ. ಮುಂದೆ 2024ರ ಏಪ್ರಿಲ್‌ನಲ್ಲಿ ಹತ್ತು ಹಳದಿ ಅನಕೊಂಡಗಳು ಬಂದವು, ಅವೂ ಬ್ಯಾಂಕಾಕಿನಿಂದಲೇ.

ಇಷ್ಟನ್ನೂ ಹಿಡಿದ ಅಧಿಕಾರಿಗಳ ಬಗ್ಗೆ ನನಗೆ ಗೌರವವಿದೆ. ಸಾವಿರಾರು ಬ್ಯಾಗುಗಳು ಬೆಲ್ಟಿನ ಮೇಲೆ ಹರಿದು ಹೋಗುವಾಗ ಎಕ್ಸ್‌ರೇ ಪರದೆಯ ಮೇಲಿನ ಒಂದು ಅನುಮಾನದ ನೆರಳನ್ನು ಗುರುತಿಸುವುದು ಸಣ್ಣ ಕೆಲಸವಲ್ಲ. ನನ್ನ ಪ್ರಶ್ನೆ ಜಪ್ತಿಯಾದ ಮೇಲೆ ಏನಾಗುತ್ತದೆ ಎಂಬುದರ ಕುರಿತದ್ದು. ಆ 78 ಪ್ರಾಣಿಗಳ ಪ್ರಕರಣದಲ್ಲಿ ಬದುಕಿದ್ದವನ್ನು ‘ಮೂಲ ದೇಶಕ್ಕೆ’ ವಾಪಸು ಕಳುಹಿಸಲಾಯಿತು, ಸತ್ತವನ್ನು ವಿಲೇವಾರಿ ಮಾಡಲಾಯಿತು ಎಂದು ವರದಿಯಾಯಿತು. ಆದರೆ ಬಾಲ್ ಪೈಥಾನಿನ ತವರು ಪಶ್ಚಿಮ ಮತ್ತು ಮಧ್ಯ ಆಫ್ರಿಕಾ, ಕ್ಯಾಪುಚಿನ್ ಕೋತಿಯ ತವರು ಮಧ್ಯ ಮತ್ತು ದಕ್ಷಿಣ ಅಮೆರಿಕ. ಇಲ್ಲಿ ಮೂಲ ದೇಶವೆಂದರೆ ವಿಮಾನ ಹತ್ತಿದ ಊರು, ಅಷ್ಟೇ. ಪ್ರಾಣಿ ಹತ್ತಿದ ವಿಮಾನ ನಿಲ್ದಾಣಕ್ಕೇ ಹಿಂತಿರುಗುತ್ತದೆ, ಕಡತ ಇಲ್ಲಿಯೇ ಉಳಿಯುತ್ತದೆ, ಅದನ್ನು ಪ್ಯಾಕ್ ಮಾಡಿದ ಕೈ ಮುಂದಿನ ವಾರ ಇನ್ನೊಂದು ಬ್ಯಾಗನ್ನು ಸಿದ್ಧಪಡಿಸುತ್ತದೆ. ಗಡಿಯಾಚೆಯ ಅಪರಾಧವನ್ನು ತಡೆಯಲು ಕಸ್ಟಮ್ಸ್ ಇಲಾಖೆಗಳು ಪರಸ್ಪರ ಸಹಕರಿಸಬೇಕು ಎಂಬ ಮಾತನ್ನು ಎಲ್ಲ ದೇಶಗಳೂ ಒಪ್ಪುತ್ತವೆ. ಆ ಸಹಕಾರ ಜಪ್ತಿಯ ದಿನದಂದೇ ನಿಂತುಹೋದರೆ ಅದು ಅರ್ಧ ಸಹಕಾರವೆಂಬುದೇ ಈ ಬರಹದಲ್ಲಿ ನಾನು ಹೇಳಬೇಕೆಂದಿರುವ ಮಾತು.

ಈ ವಿಷಯ ನನಗೆ ಇಷ್ಟು ಹತ್ತಿರವಾಗಲು ಕಾರಣ ಚಿಂತಾಮಣಿಯ ಕಡೆ ಇರುವ ನಮ್ಮ ಅಜ್ಜಿಯ ಊರು. ಮೊದಲ ಮಳೆ ಬಿದ್ದ ಮರುದಿನ ಬೆಳಿಗ್ಗೆ ಬೇಲಿಯ ಬುಡದಲ್ಲಿ, ತಂಗಡಿ ಗಿಡಗಳ ಮರೆಯಲ್ಲಿ ನಕ್ಷತ್ರ ಆಮೆಗಳು ಕಾಣಿಸುತ್ತಿದ್ದವು. ಕಪ್ಪು ಚಿಪ್ಪಿನ ಪ್ರತಿಯೊಂದು ಉಬ್ಬಿನ ನೆತ್ತಿಯಿಂದ ಹಳದಿ ಗೆರೆಗಳು ಸುತ್ತಲೂ ಚೆಲ್ಲಿಕೊಂಡಂತಿರುತ್ತವೆ. ಒಣ ಹುಲ್ಲಿನ ನಡುವೆ ಅದು ಅಲುಗಾಡದೆ ಕೂತರೆ ಎರಡು ಹೆಜ್ಜೆ ದೂರದಿಂದಲೂ ಗೊತ್ತಾಗುವುದಿಲ್ಲ. ಎತ್ತಿಕೊಂಡರೆ ‘ಹಿಸ್’ ಎಂದು ಉಸಿರು ಬಿಟ್ಟು ತಲೆಯನ್ನೂ ಕಾಲುಗಳನ್ನೂ ಒಳಕ್ಕೆ ಎಳೆದುಕೊಳ್ಳುತ್ತಿತ್ತು. ಅಜ್ಜಿ ಅದನ್ನು ಮನೆಯೊಳಗೆ ತರಲು ಬಿಡುತ್ತಿರಲಿಲ್ಲ, “ಎಲ್ಲಿಂದ ತಂದ್ಯೋ ಅಲ್ಲೇ ಬಿಟ್ಟು ಬಾ” ಎನ್ನುತ್ತಿದ್ದಳು. ಕೆಲವು ವರ್ಷಗಳ ನಂತರ ಪೇಟೆಯ ಕಡೆಯಿಂದ ಬಂದವರು ಆಮೆ ಹಿಡಿದುಕೊಟ್ಟ ಹುಡುಗರಿಗೆ ಪುಡಿಗಾಸು ಕೊಟ್ಟು ಗೋಣಿಚೀಲದಲ್ಲಿ ತುಂಬಿಕೊಂಡು ಹೋಗತೊಡಗಿದರು. ಅವು ಎಲ್ಲಿಗೆ ಹೋಗುತ್ತಿದ್ದವೆಂದು ಊರಿನಲ್ಲಿ ಯಾರೂ ಕೇಳಲಿಲ್ಲ.

ಅವು ಹೋಗುತ್ತಿದ್ದದ್ದು ಬಹುಮಟ್ಟಿಗೆ ಆಗ್ನೇಯ ಏಷ್ಯಾದ ಮಾರುಕಟ್ಟೆಗಳಿಗೆ. 2015ರಲ್ಲಿ ಪ್ರಕಟವಾದ ಒಂದು ಅಧ್ಯಯನ, ಭಾರತದ ಒಂದೇ ಒಂದು ವಹಿವಾಟಿನ ತಾಣದ ಸುತ್ತ ವರ್ಷಕ್ಕೆ ಕನಿಷ್ಠ 55,000 ನಕ್ಷತ್ರ ಆಮೆಗಳನ್ನು ಹಿಡಿಯಲಾಗುತ್ತಿದೆ ಎಂದು ಲೆಕ್ಕ ಹಾಕಿತು. ಚಿಪ್ಪಿನೊಳಗೆ ಸೇರಿಕೊಂಡ ಆಮೆ ಹೊರಬಂದು ಅಲುಗಾಡಬಾರದೆಂದು ಅದಕ್ಕೆ ಟೇಪು ಸುತ್ತುತ್ತಾರೆ, ಮರಿಗಳಾದರೆ ಕಾಲುಚೀಲಗಳಲ್ಲಿ ತುರುಕುತ್ತಾರೆ, ಬಟ್ಟೆಗಳ ನಡುವೆ ಪದರ ಪದರವಾಗಿ ಜೋಡಿಸುತ್ತಾರೆ. ತಿಂಗಳುಗಟ್ಟಲೆ ಹಸಿವನ್ನು ತಾಳಬಲ್ಲ ಜೀವಿಯಾದ್ದರಿಂದ ಅದು ಸಾಯುವುದು ತಡವಾಗುತ್ತದೆ, ಕಳ್ಳಸಾಗಣೆದಾರನಿಗೆ ಆ ಗುಣವೇ ಲಾಭ.

ಈ ಕಥೆಯಲ್ಲಿ ಸಹಕಾರ ಪೂರ್ಣಗೊಂಡ ಒಂದು ಘಟನೆಯೂ ಇದೆ. ಸಿಂಗಪುರಕ್ಕೆ ಕದ್ದು ಸಾಗಿಸಲ್ಪಟ್ಟಿದ್ದ 51 ನಕ್ಷತ್ರ ಆಮೆಗಳನ್ನು 2018ರ ನವೆಂಬರ್‌ನಲ್ಲಿ ವಿಮಾನದಲ್ಲಿ ಬೆಂಗಳೂರಿಗೆ ಮರಳಿ ತರಲಾಯಿತು. ಅಲ್ಲಿನ ಮತ್ತು ಇಲ್ಲಿನ ವನ್ಯಜೀವಿ ಸಂಸ್ಥೆಗಳು, ಎರಡೂ ಸರ್ಕಾರಗಳ ಅನುಮತಿ, ಕರ್ನಾಟಕ ಅರಣ್ಯ ಇಲಾಖೆ, ಇಷ್ಟೂ ಒಟ್ಟಿಗೆ ಸೇರಿದ್ದರಿಂದ ಅದು ಸಾಧ್ಯವಾಯಿತು. ಮರುವರ್ಷ ಜಿನೀವಾದಲ್ಲಿ ನಡೆದ, ಅಳಿವಿನಂಚಿನ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಸಭೆಯಲ್ಲಿ, ಭಾರತವೂ ಸೇರಿದಂತೆ ಕೆಲವು ದೇಶಗಳ ಪ್ರಸ್ತಾವದ ಮೇರೆಗೆ, ನಕ್ಷತ್ರ ಆಮೆಯನ್ನು ಮೊದಲನೆಯ ಅನುಬಂಧಕ್ಕೆ ಸೇರಿಸಿದರು. ಕಾಡಿನಿಂದ ಹಿಡಿದ ಆಮೆಯ ಅಂತರರಾಷ್ಟ್ರೀಯ ವ್ಯಾಪಾರ ಅಲ್ಲಿಗೆ ಪೂರ್ತಿ ನಿಷಿದ್ಧವಾಯಿತು. ಕೇವಲ 51 ಆಮೆಗಳು ಎನ್ನುವವರಿಗೆ ನನ್ನ ಉತ್ತರ ಇಷ್ಟೇ: ಕದ್ದ ದಾರಿಯನ್ನು ಹಿಂದಕ್ಕೆ ನಡೆದು ತೋರಿಸಬಹುದು ಎಂಬುದಕ್ಕೆ ಅದು ಸಾಕ್ಷಿ.

ಹಾಗೆ ನಡೆಯಲು ಬೇಕಾದ ಏರ್ಪಾಡುಗಳು ಜಗತ್ತಿನಲ್ಲಿ ಇಲ್ಲವೆಂದಲ್ಲ. ಬ್ರಸೆಲ್ಸ್‌ನಲ್ಲಿ ನೆಲೆಯಿರುವ ವಿಶ್ವ ಕಸ್ಟಮ್ಸ್ ಸಂಘಟನೆ 1952ರಲ್ಲಿ ಬೇರೊಂದು ಹೆಸರಿನಲ್ಲಿ ಆರಂಭವಾದದ್ದು. ಅದರ ಮೊದಲ ಅಧಿವೇಶನ 1953ರ ಜನವರಿ 26ರಂದು ನಡೆದುದರಿಂದ, ನಾವು ಗಣರಾಜ್ಯೋತ್ಸವ ಆಚರಿಸುವ ದಿನವೇ ಅಂತರರಾಷ್ಟ್ರೀಯ ಕಸ್ಟಮ್ಸ್ ದಿನವೂ ಆಗಿದೆ. ಕಸ್ಟಮ್ಸ್ ಅಪರಾಧಗಳ ತನಿಖೆಯಲ್ಲಿ ದೇಶಗಳು ಪರಸ್ಪರ ನೆರವಾಗಬೇಕೆಂಬ ನೈರೋಬಿ ಒಪ್ಪಂದ 1977ರದು. ಜಪ್ತಿಗಳ ವಿವರವನ್ನು ಸದಸ್ಯ ದೇಶಗಳು ಒಂದೆಡೆ ದಾಖಲಿಸುವ ಜಾಲವಿದೆ, ಪ್ರದೇಶವಾರು ಗುಪ್ತಮಾಹಿತಿ ಕಚೇರಿಗಳಿವೆ, ಇಂಟರ್‌ಪೋಲ್ ಜೊತೆಗೂಡಿ ವನ್ಯಜೀವಿ ಕಳ್ಳಸಾಗಣೆಯ ವಿರುದ್ಧ ಏಕಕಾಲದಲ್ಲಿ ನಡೆಸುವ ಕಾರ್ಯಾಚರಣೆಗಳಿವೆ. ನಮ್ಮಲ್ಲಿ ಕಂದಾಯ ಗುಪ್ತಚರ ನಿರ್ದೇಶನಾಲಯ, ಅಂದರೆ ಡಿಆರ್‌ಐ, 1957ರಿಂದ ಇದೆ. ರಕ್ತಚಂದನವೂ ಸೇರಿದಂತೆ ಮರದ ಕಳ್ಳಸಾಗಣೆಯ ವಿರುದ್ಧ ಅದು ಬೇರೆ ದೇಶಗಳೊಂದಿಗೆ ಸೇರಿ ನಡೆಸುವ ‘ಆಪರೇಷನ್ ಶೇಷ’ದ ನಾಲ್ಕನೆಯ ಹಂತ 2023ರ ಅಕ್ಟೋಬರ್‌ನಲ್ಲಿ ದೆಹಲಿಯಲ್ಲಿ ಆರಂಭವಾಯಿತು.

ರಕ್ತಚಂದನ ನಮ್ಮ ನೆಲದಿಂದ ಹೊರಹೋಗುವ ಸೊತ್ತು. ಅದನ್ನು ಕಳೆದುಕೊಳ್ಳುವವರು ನಾವೇ, ಆದ್ದರಿಂದ ಹಿಂಬಾಲಿಸುವ ಉತ್ಸಾಹವೂ ನಮ್ಮದೇ. ಒಳಬರುವ ಕೋತಿ, ಅನಕೊಂಡಗಳ ವಿಷಯದಲ್ಲಿ ನಷ್ಟ ಯಾರದೆಂಬುದೇ ಮಸುಕಾಗಿಬಿಡುತ್ತದೆ. ಥಾಯ್ಲೆಂಡಿನವರಿಗೆ ಅದು ತಮ್ಮ ಕಾಡಿನ ಪ್ರಾಣಿಯಲ್ಲ, ನಮಗೂ ಅಲ್ಲ. ಎರಡು ಇಲಾಖೆಗಳ ನಡುವೆ ಹೀಗೆ ಬಿಟ್ಟುಹೋದ ಸಂದಿಯಲ್ಲೇ ಈ ದಂಧೆ ಬದುಕಿದೆ ಎಂದು ನನಗೆ ಅನ್ನಿಸುತ್ತದೆ. ಅಲ್ಲಿಯವರು ಕೆಲಸ ಮಾಡುವುದಿಲ್ಲವೆಂದು ಹೇಳಲಾಗದು: 2022ರ ಜೂನ್‌ನಲ್ಲಿ ಬ್ಯಾಂಕಾಕಿನ ಸುವರ್ಣಭೂಮಿ ವಿಮಾನ ನಿಲ್ದಾಣದಲ್ಲಿ ಚೆನ್ನೈಗೆ ಹೊರಟಿದ್ದ ಇಬ್ಬರು ಭಾರತೀಯ ಮಹಿಳೆಯರ ಸೂಟ್‌ಕೇಸುಗಳಲ್ಲಿ 109 ಜೀವಂತ ಪ್ರಾಣಿಗಳನ್ನು ಹಿಡಿದವರು ಥಾಯ್ ಅಧಿಕಾರಿಗಳೇ. ಅಲ್ಲಿ ಸಿಕ್ಕಿಬಿದ್ದವರ ಫೋನಿನಲ್ಲಿರುವ ನಂಬರು ಇಲ್ಲಿನ ಯಾವ ಗೋದಾಮಿನದು, ಇಲ್ಲಿ ಸಿಕ್ಕಿಬಿದ್ದವರ ಟಿಕೆಟ್ಟಿಗೆ ದುಡ್ಡು ಕಟ್ಟಿದವರು ಅಲ್ಲಿನ ಯಾರು ಎಂಬ ಎರಡು ಪ್ರಶ್ನೆಗಳು ಒಂದೇ ಮೇಜಿನ ಮೇಲೆ ಬರಬೇಕು. ಬ್ಯಾಗು ಹೊರುವವನು ಬಹುತೇಕ ಬಾರಿ ಕೂಲಿಗೆ ಬಂದ ಕ್ಯಾರಿಯರ್ ಆಗಿರುತ್ತಾನೆ. 1962ರ ಕಸ್ಟಮ್ಸ್ ಕಾಯ್ದೆಯಲ್ಲಿ ಏಳು ವರ್ಷಗಳವರೆಗೆ ಜೈಲು ಶಿಕ್ಷೆಗೆ ಅವಕಾಶವಿದ್ದರೂ, ಅವನನ್ನು ಮಾತ್ರ ಶಿಕ್ಷಿಸಿದರೆ ಅವನ ಜಾಗಕ್ಕೆ ಇನ್ನೊಬ್ಬ ಬರುತ್ತಾನೆ.

ವಿಮಾನ ಹೊರಡುವ 24 ಗಂಟೆ ಮೊದಲೇ ಪ್ರಯಾಣಿಕರ ಬುಕಿಂಗ್ ವಿವರವನ್ನು ವಿಮಾನಯಾನ ಸಂಸ್ಥೆಗಳು ಕಸ್ಟಮ್ಸ್‌ಗೆ ಕೊಡಬೇಕೆಂಬ ನಿಯಮವನ್ನು ಭಾರತ 2022ರ ಆಗಸ್ಟ್‌ನಲ್ಲಿ ಹೊರಡಿಸಿತು. ಎಲ್ಲರ ಖಾಸಗಿ ವಿವರವನ್ನು ಹೀಗೆ ಸಂಗ್ರಹಿಸುವುದರ ಬಗ್ಗೆ ನನಗೂ ಆತಂಕವಿದೆ, ಅದನ್ನು ಬೇರೆ ಉದ್ದೇಶಕ್ಕೆ ಬಳಸದಂತೆ ಕಾವಲು ಬೇಕೇ ಬೇಕು. ಆದರೆ ತಿಂಗಳಿಗೆ ಮೂರು ಬಾರಿ ಎರಡೆರಡು ದಿನಕ್ಕೆ ಬ್ಯಾಂಕಾಕಿಗೆ ಹೋಗಿ ಬರುವ, ಟಿಕೆಟ್ಟಿಗೆ ಪ್ರತಿಸಲವೂ ಬೇರೆ ಯಾರೋ ಹಣ ಕಟ್ಟುವ ಪ್ರಯಾಣಿಕನ ವಿವರವನ್ನಾದರೂ ವಿಮಾನ ಏರುವ ಮೊದಲೇ ಅಲ್ಲಿನ ಅಧಿಕಾರಿಗೆ ತಿಳಿಸಿದರೆ, ಆ ಆರು ಕೋತಿಗಳಂಥವು ಹೊರಡುವ ನಿಲ್ದಾಣದಲ್ಲೇ ಬದುಕಿರುವಾಗ ಸಿಗುತ್ತವೆ.

ಇನ್ನೊಂದು ಮಾತು ನಮ್ಮೆಲ್ಲರಿಗೂ ಸಂಬಂಧಿಸಿದ್ದು. ನಮ್ಮ ಆಮೆಗಳನ್ನು ಕೊಂಡವರನ್ನು ಬಯ್ಯುತ್ತಿದ್ದ ನಾವು ಈಗ ಕೊಳ್ಳುವವರಾಗಿದ್ದೇವೆ. ಕಳೆದ ವರ್ಷ ಗೆಳೆಯನೊಬ್ಬನ ಮಗ ಹುಟ್ಟುಹಬ್ಬಕ್ಕೆ ಇಗ್ವಾನಾ ಬೇಕೆಂದು ಹಟ ಹಿಡಿದಾಗ ಅವರೊಂದಿಗೆ ನಾನೂ ಬೆಂಗಳೂರಿನ ಒಂದು ಅಂಗಡಿಗೆ ಹೋಗಿದ್ದೆ. ಗಾಜಿನ ಪೆಟ್ಟಿಗೆಯಲ್ಲಿ ಬಲ್ಬಿನ ಕೆಳಗೆ ಬೆರಳುದ್ದದ ಮರಿಗಳು ಒಂದರ ಮೇಲೊಂದು ಮಲಗಿದ್ದವು, ಒಂದರ ಬಾಲದ ತುದಿ ಒಣಗಿ ಕಪ್ಪಾಗಿತ್ತು. ಎಲ್ಲಿಂದ ತರಿಸಿದಿರಿ ಎಂದು ಕೇಳಿದ್ದಕ್ಕೆ ಅಂಗಡಿಯವರು, “ಪೇಪರ್ ಎಲ್ಲಾ ನಾವೇ ಮಾಡಿಸಿಕೊಡ್ತೀವಿ ಸಾರ್, ನೀವು ತಲೆ ಕೆಡಿಸ್ಕೋಬೇಡಿ” ಎಂದರು. 2020ರಲ್ಲಿ ಕೇಂದ್ರದ ಪರಿಸರ ಸಚಿವಾಲಯ, ವಿದೇಶಿ ಪ್ರಾಣಿಗಳನ್ನು ಸಾಕಿಕೊಂಡವರು ಆರು ತಿಂಗಳೊಳಗೆ ತಾವಾಗಿ ಘೋಷಿಸಿದರೆ ದಾಖಲೆ ಕೇಳುವುದಿಲ್ಲ ಎಂದು ಹೇಳಿತ್ತು. ಉದ್ದೇಶ ಲೆಕ್ಕ ಸಿಗಲಿ ಎಂಬುದಾಗಿದ್ದರೂ, ಕದ್ದು ತಂದ ಪ್ರಾಣಿಗೂ ಆ ಬಾಗಿಲಿನಿಂದ ಒಳಬರಲು ಅವಕಾಶವಾಯಿತು ಎಂಬುದೇ ನನ್ನ ಅಭಿಪ್ರಾಯ. ವನ್ಯಜೀವಿ ಕಾಯ್ದೆಯ 2022ರ ತಿದ್ದುಪಡಿ ಮತ್ತು 2024ರ ನಿಯಮಗಳ ನಂತರ, ಸೈಟಿಸ್ ಪಟ್ಟಿಯ ಆಧಾರದ ಮೇಲೆ ಕಾಯ್ದೆಯ ನಾಲ್ಕನೆಯ ಅನುಸೂಚಿಗೆ ಸೇರಿಸಿದ ಪ್ರಾಣಿಗಳನ್ನು ಇಟ್ಟುಕೊಂಡವರು ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲಿನಲ್ಲಿ ನೋಂದಾಯಿಸಲೇಬೇಕು. ಇಗ್ವಾನಾ ಸೈಟಿಸ್ ಪಟ್ಟಿಯಲ್ಲಿದೆ. ನೋಂದಣಿ ಸಂಖ್ಯೆ ತೋರಿಸಿ ಎಂದ ಕೂಡಲೇ ಅಂಗಡಿಯವರ ಮಾತು ಬೇರೆ ಕಡೆಗೆ ಹೊರಳಿತು, ನಾವು ಹೊರಬಂದೆವು. ಹುಡುಗ ಅತ್ತ, ಮರುದಿನ ಸುಮ್ಮನಾದ.

ಕಸ್ಟಮ್ಸ್ ಇಲಾಖೆಯಿಂದ ನಾನು ಬಯಸುವುದು ದೊಡ್ಡದೇನಲ್ಲ. ಜಪ್ತಿಯ ದಿನ ಚಿತ್ರ ಸಮೇತ ಪ್ರಕಟಣೆ ಹೊರಡಿಸುವಂತೆಯೇ, ಆರು ತಿಂಗಳ ಬಳಿಕ ಅದೇ ಪ್ರಕರಣದ ಬಗ್ಗೆ ಇನ್ನೊಂದು ಸಣ್ಣ ಪ್ರಕಟಣೆ ಹೊರಡಿಸಲಿ. ವಾಪಸು ಕಳುಹಿಸಿದ ಪ್ರಾಣಿಗಳನ್ನು ಆ ಕಡೆ ಯಾರು ಸ್ವೀಕರಿಸಿದರು, ಎಷ್ಟು ಬದುಕಿವೆ, ಕಳುಹಿಸಿದವರ ಮೇಲೆ ಅಲ್ಲಿ ಪ್ರಕರಣ ದಾಖಲಾಯಿತೇ, ತರಿಸಿಕೊಂಡವರ ಮೇಲೆ ಇಲ್ಲಿ ದಾಖಲಾಯಿತೇ ಎಂಬ ನಾಲ್ಕು ಸಾಲು ಅದರಲ್ಲಿದ್ದರೆ ಸಾಕು. ಆ ನಾಲ್ಕು ಸಾಲು ಬರೆಯಬೇಕೆಂದರೆ ಇಲ್ಲಿನ ಅಧಿಕಾರಿ ಬ್ಯಾಂಕಾಕಿನ ಅಧಿಕಾರಿಗೆ ಒಮ್ಮೆಯಾದರೂ ಫೋನು ಮಾಡಲೇಬೇಕಾಗುತ್ತದೆ.