ರೋಗಿಯ ಹೆಸರಿನಲ್ಲಿ ಕಾಲ ತಳ್ಳಿದವರು

ನಿನ್ನೆ ರಾತ್ರಿ ಒಂದು ವೆಬಿನಾರ್ ನೋಡಲು ಕೂತೆ. ಕೂರಬಾರದಿತ್ತು. ವಿಷಯ ನಮ್ಮ ಕಸುಬಿನದೇ: ಬಾಂಬ್ ದರ್ಜೆಯ ಯುರೇನಿಯಂ ಇಲ್ಲದೆ ವೈದ್ಯಕೀಯ ಐಸೋಟೋಪ್ (ಸ್ಕ್ಯಾನಿಗೆಂದು ಮೈಗೆ ಚುಚ್ಚುವ ವಿಕಿರಣಶೀಲ ವಸ್ತು) ತಯಾರಿಸಲು ದೇಶ ದೇಶಗಳು ಕೈಜೋಡಿಸಿದ ಕತೆ. ಕತೆ ನಿಜ, ಕೆಲಸ ಆಗಿರುವುದೂ ನಿಜ, ಆ ಬಗ್ಗೆ ನನಗೆ ಸಂತೋಷವೇ ಇದೆ. ತಲೆ ಕೆಟ್ಟಿದ್ದು ಕೊನೆಯಲ್ಲಿ. ಉದ್ಯಮದ ಕಡೆಯಿಂದ ಬಂದ ಒಬ್ಬ ಮಹನೀಯರು, ಬೆನ್ನ ಹಿಂದೆ ಪುಸ್ತಕದ ಕಪಾಟು, ಮುಖದಲ್ಲಿ ಮಂದಹಾಸ, "ನಮಗೆ ಮೊದಲಿನಿಂದಲೂ ರೋಗಿಯೇ ಮುಖ್ಯ, ಆದ್ದರಿಂದಲೇ ಅವಸರ ಮಾಡಲಿಲ್ಲ" ಅಂದುಬಿಟ್ಟರು. ಕೇಳುತ್ತಿದ್ದವರೆಲ್ಲ ಚಪ್ಪಾಳೆಯ ಗುರುತು ಒತ್ತಿದ್ದೇ ಒತ್ತಿದ್ದು.

ಅವಸರ ಮಾಡಲಿಲ್ಲವಂತೆ! ಸಂಶೋಧನಾ ರಿಯಾಕ್ಟರುಗಳನ್ನು ಬಾಂಬ್ ದರ್ಜೆಯ ಯುರೇನಿಯಂನಿಂದ ಬಿಡಿಸುವ ಕಾರ್ಯಕ್ರಮ ಅಮೆರಿಕದ ಆರ್ಗಾನ್ ಪ್ರಯೋಗಾಲಯದಲ್ಲಿ ಶುರುವಾದದ್ದು 1978ರಲ್ಲಿ. ದೊಡ್ಡ ಉತ್ಪಾದಕರಲ್ಲಿ ಕೊನೆಯವರು ಬದಲಾದದ್ದು 2023ರಲ್ಲಿ. ಇಷ್ಟು ನಿಧಾನಕ್ಕೆ ಕಾರಣ ರೋಗಿಯ ಮೇಲಿನ ಪ್ರೀತಿ ಅಂತ ನನ್ನಂಥವರ ಮುಂದೆ ಹೇಳಬೇಡಿ.

ನನ್ನ ಆಯಸ್ಸೆಲ್ಲ ಎಲ್ಲಿ ಕಳೆಯಿತು ಅಂತ ಇಲ್ಲಿರುವ ಹೆಚ್ಚಿನವರಿಗೆ ಗೊತ್ತು. ಸೀಸದ ಇಟ್ಟಿಗೆಗಳ ಹಿಂದೆ ನಿಂತು, ಬೆಳಗಾಗುತ್ತಲೇ ಜನರೇಟರ್ ಅನ್ನುವ ಸೀಸದ ಡಬ್ಬಿಯಿಂದ ಟೆಕ್ನೀಷಿಯಂ ಅನ್ನುವ ಐಸೋಟೋಪನ್ನು ಹಿಂಡಿಕೊಂಡು, ಸಿರಿಂಜಿಗೆ ತುಂಬಿ ಕೊಡುತ್ತಿದ್ದವರು ನಾವು. ಆ ಜನರೇಟರನ್ನು 'ಹಸು' ಅಂತಲೇ ಕರೆಯುತ್ತೇವೆ, ದಿನಾ ಹಾಲು ಕರೆಯಬಹುದು, ದಿನದಿಂದ ದಿನಕ್ಕೆ ಹಾಲು ಕಮ್ಮಿಯಾಗುತ್ತದೆ. ಟೆಕ್ನೀಷಿಯಂ-99ಎಂನ ಅರ್ಧಾಯುಷ್ಯ ಬರೀ 6 ಗಂಟೆ, ಅಂದರೆ ಅಷ್ಟರಲ್ಲಿ ಅರ್ಧ ಕರಗಿಹೋಗುತ್ತದೆ, ಕೂಡಿಟ್ಟುಕೊಳ್ಳುವ ಮಾತೇ ಇಲ್ಲ. ಅದರ ತಾಯಿ, ಜನರೇಟರಿನೊಳಗೆ ಕೂತು ಟೆಕ್ನೀಷಿಯಂ ಆಗಿ ಮಾರ್ಪಡುವ ಮಾಲಿಬ್ಡಿನಂ-99ಕ್ಕೆ, 66 ಗಂಟೆ. ವಾರ ಕಳೆದರೆ ಆರರಲ್ಲೊಂದು ಪಾಲು ಉಳಿದರೆ ಹೆಚ್ಚು. ಹಾಗಾಗಿ ಎಲ್ಲೋ ಒಂದು ರಿಯಾಕ್ಟರ್ ಈ ವಾರ ಓಡಬೇಕು, ಎಲ್ಲೋ ಒಂದು ವಿಮಾನ ಹೊತ್ತಿಗೆ ಸರಿಯಾಗಿ ಏಳಬೇಕು. ಪ್ರಪಂಚದಾದ್ಯಂತ ವರ್ಷಕ್ಕೆ ಕೋಟಿಗಟ್ಟಲೆ ಸ್ಕ್ಯಾನ್‌ಗಳು, ಮೂಳೆಗೆ ಹರಡಿದ ಕ್ಯಾನ್ಸರಿನಿಂದ ಹಿಡಿದು ಹೃದಯದ ರಕ್ತದ ಹರಿವಿನವರೆಗೆ, ಈ ತೆಳ್ಳನೆಯ ಸರಪಳಿಗೆ ಜೋತು ಬಿದ್ದಿವೆ.

ಮಾಲಿಬ್ಡಿನಂ ಹೇಗೆ ಹುಟ್ಟುತ್ತದೆ ಅನ್ನುವುದರಲ್ಲೇ ಇರುವುದು ಗುಟ್ಟು. ಯುರೇನಿಯಂ ತುಂಬಿದ ತೆಳು ತಟ್ಟೆಯನ್ನು (ಟಾರ್ಗೆಟ್ ಅನ್ನುತ್ತೇವೆ) ಕೆಲವು ದಿನ ರಿಯಾಕ್ಟರಿನಲ್ಲಿ ನ್ಯೂಟ್ರಾನುಗಳಿಗೆ ಒಡ್ಡುತ್ತಾರೆ. ಯುರೇನಿಯಂ-235ರ ಪರಮಾಣುಗಳು ಸೀಳುತ್ತವೆ, ನೂರು ಸೀಳಿಕೆಗೆ ಸುಮಾರು 6ರಂತೆ ಮಾಲಿಬ್ಡಿನಂ-99 ಸಿಗುತ್ತದೆ. ತಟ್ಟೆಯನ್ನು ಕರಗಿಸಿ ಬೇರ್ಪಡಿಸುತ್ತಾರೆ. ದಶಕಗಳ ಕಾಲ ಆ ತಟ್ಟೆಗೆ ಹಾಕುತ್ತಿದ್ದ ಯುರೇನಿಯಂನಲ್ಲಿ ಯು-235ರ ಪಾಲು ನೂರಕ್ಕೆ 93. ಬಾಂಬಿಗೆ ಹಾಕುವ ದರ್ಜೆಯೂ ಅದೇ. ನೂರಕ್ಕೆ 20 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಎಚ್‌ಇಯು (ಹೆಚ್ಚು ಸಂವರ್ಧಿತ ಯುರೇನಿಯಂ), ಕಮ್ಮಿಯಿದ್ದರೆ ಎಲ್‌ಇಯು (ಕಡಿಮೆ ಸಂವರ್ಧಿತ ಯುರೇನಿಯಂ). ಎಲ್‌ಇಯುನಿಂದ ಯಾರೂ ಬಾಂಬ್ ಕಟ್ಟಲು ಹೋಗುವುದಿಲ್ಲ.

ಇನ್ನೂ ವಿಚಿತ್ರ ಕೇಳಿ. ಹಾಗೆ ತಟ್ಟೆಯಲ್ಲಿ ಇಟ್ಟ ಯು-235ರಲ್ಲಿ ನಿಜಕ್ಕೂ ಖರ್ಚಾಗುವುದು ನೂರಕ್ಕೆ ಸುಮಾರು 3. ಉಳಿದದ್ದೆಲ್ಲ ಕಸದ ತೊಟ್ಟಿಗೆ, ಬಾಂಬ್ ದರ್ಜೆಯಲ್ಲೇ! ಶುರುವಿನಲ್ಲಿ ವಿಕಿರಣ ಅದನ್ನು ಕಾಯುತ್ತದೆ, ಕೆಲವು ವರ್ಷ ಹೋದರೆ ಆ ಕಾವಲೂ ಸಡಿಲ. ವರ್ಷಕ್ಕೆ 40ರಿಂದ 50 ಕೆಜಿ ಎಚ್‌ಇಯು ಈ ಒಂದೇ ಕೆಲಸಕ್ಕೆ ಓಡಾಡುತ್ತಿತ್ತು. ಒಂದು ಬಾಂಬಿನ ಸಾಧ್ಯತೆ ಅಂತ ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆ ಲೆಕ್ಕ ಹಾಕುವುದು ಎಚ್‌ಇಯುನಲ್ಲಿರುವ 25 ಕೆಜಿ ಯು-235ಕ್ಕೆ. ಗುಣಾಕಾರ ನೀವೇ ಮಾಡಿಕೊಳ್ಳಿ.

ಈಗ ರೋಗಿಯ ವಿಷಯಕ್ಕೆ ಬರೋಣ. 1992ರಲ್ಲಿ ಅಮೆರಿಕ ಒಂದು ಕಾನೂನು ಮಾಡಿತು: ಎಚ್‌ಇಯು ಬೇಕೆಂದರೆ ಎಲ್‌ಇಯುಗೆ ಬದಲಾಗುವ ಮಾತು ಕೊಡಿ, ಆಮೇಲೆ ಕೇಳಿ ಅಂತ. ಷೂಮರ್ ತಿದ್ದುಪಡಿ ಅಂತ ಅದರ ಹೆಸರು. ಒಳ್ಳೆಯ ಕಾನೂನು. 2005ರಲ್ಲಿ ಬರ್ ತಿದ್ದುಪಡಿ ಬಂದು ಕೆನಡಾ, ಬೆಲ್ಜಿಯಂ, ಫ್ರಾನ್ಸ್, ಜರ್ಮನಿ, ನೆದರ್ಲೆಂಡ್ಸ್ ಈ ಐದು ದೇಶಗಳಿಗೆ ಐಸೋಟೋಪ್ ಹೆಸರಿನಲ್ಲಿ ವಿನಾಯಿತಿ ಸಿಕ್ಕಿತು. ಉದ್ಯಮದವರು ಕೊಟ್ಟ ಕಾರಣ ಯಾವುದು ಅಂತ ಊಹಿಸಿ ನೋಡೋಣ. ಹೂಂ, ಅದೇ. ರೋಗಿಗಳಿಗೆ ತೊಂದರೆಯಾಗುತ್ತದೆ!

ಇಲ್ಲಿ ಒಂದು ಮಾತು ಹೇಳಲೇಬೇಕು. ನನ್ನ ಅಕ್ಕ ಮೂಳೆ ಸ್ಕ್ಯಾನಿಗೆ ಅಂತ ಗಾಮಾ ಕ್ಯಾಮೆರಾ ಕೆಳಗೆ ಮಲಗಿದ್ದಳು. ಪಕ್ಕದ ಕೋಣೆಯಲ್ಲಿ ಪರದೆಯ ಮೇಲೆ ಅವಳ ಬೆನ್ನುಮೂಳೆಯ ಚಿತ್ರ ಚುಕ್ಕೆ ಚುಕ್ಕೆಯಾಗಿ ಮೂಡುತ್ತಿತ್ತು. ಆ ಹೊತ್ತಿನಲ್ಲಿ ಯಾರಾದರೂ ಬಂದು "ಈ ಟೆಕ್ನೀಷಿಯಂ ಬಾಂಬಿನ ಯುರೇನಿಯಂನಿಂದ ಬಂದದ್ದು, ಆಗಬಹುದಾ?" ಅಂತ ಕೇಳಿದ್ದರೆ, "ನರಕದಿಂದ ತಂದರೂ ಸರಿ, ಮೊದಲು ಸ್ಕ್ಯಾನ್ ಮುಗಿಸಿ" ಅನ್ನುತ್ತಿದ್ದೆ. ಇವತ್ತೂ ಹಾಗೇ ಅನ್ನುತ್ತೇನೆ. ಮನೆಯವರು ಮಲಗಿದ್ದಾಗ ಯಾರಿಗೂ ಸಿದ್ಧಾಂತ ಇರುವುದಿಲ್ಲ. ನನ್ನ ಸಿಟ್ಟು ಇರುವುದೇ ಇಲ್ಲಿ. ನಮ್ಮ ಆ ದುರ್ಬಲ ಗಳಿಗೆಯನ್ನು ಇವರು ಬಂಡವಾಳ ಮಾಡಿಕೊಂಡರು. ನಾವು ಹೆದರುವುದು ಅವರಿಗೆ ಗೊತ್ತಿತ್ತು, ಹೆದರಿಸಿದರು. ಹಾಗೆ ಹೆದರುವ ಅಗತ್ಯವೇ ಇರಲಿಲ್ಲ ಅನ್ನುವುದೂ ಗೊತ್ತಿತ್ತು, ಅದನ್ನು ಮಾತ್ರ ಹೇಳಲಿಲ್ಲ.

ಯಾಕೆ ಅಗತ್ಯ ಇರಲಿಲ್ಲ? ಅರ್ಜೆಂಟೀನಾ ನೋಡಿ. ನನಗೆ ಆ ದೇಶದ ಮೇಲೆ ಒಂದು ಕೈ ಹೆಚ್ಚೇ ಪ್ರೀತಿ, ಫುಟ್‌ಬಾಲಿಗೂ ಅದಕ್ಕೂ ಸಂಬಂಧವಿಲ್ಲ. 2002ರಲ್ಲೇ, ದೇಶದ ಆರ್ಥಿಕತೆ ಕುಸಿದು ಬಿದ್ದಿದ್ದ ಹೊತ್ತಿನಲ್ಲಿ, ಅವರ ಅಣುಶಕ್ತಿ ಆಯೋಗ ಆರ್‌ಎ-3 ರಿಯಾಕ್ಟರಿನಲ್ಲಿ ಎಲ್‌ಇಯು ಟಾರ್ಗೆಟ್ ಬಳಸಿ ಮಾಲಿಬ್ಡಿನಂ ತೆಗೆದು ತೋರಿಸಿತು. ಅಲ್ಲಿನ ಇನ್ವಾಪ್ ಕಂಪನಿಯೇ ಆಸ್ಟ್ರೇಲಿಯಾಕ್ಕೆ ಒಪಾಲ್ ರಿಯಾಕ್ಟರ್ ಕಟ್ಟಿಕೊಟ್ಟಿತು. ಅದು 2007ರಲ್ಲಿ ಉದ್ಘಾಟನೆಯಾಯಿತು, ಶುರುವಿನಿಂದಲೂ ಎಲ್‌ಇಯು. 2010ರ ಡಿಸೆಂಬರಿನಲ್ಲಿ ದಕ್ಷಿಣ ಆಫ್ರಿಕಾದಿಂದ ಎಲ್‌ಇಯು ಮಾಲಿಬ್ಡಿನಂ ಅಮೆರಿಕಕ್ಕೆ ಹೋಯಿತು. ಬಡವರು ಮಾಡಿ ತೋರಿಸಿದರು, ದೂರದವರು ಮಾಡಿ ತೋರಿಸಿದರು. ಶ್ರೀಮಂತರಿಗೆ ಮಾತ್ರ ರೋಗಿಯ ಚಿಂತೆಯಲ್ಲಿ ಕೈಯೇ ಓಡಲಿಲ್ಲ, ಪಾಪ.

2009ರಲ್ಲಿ ಅಮೆರಿಕದ ರಾಷ್ಟ್ರೀಯ ಅಕಾಡೆಮಿಗಳು ಅಧ್ಯಯನ ನಡೆಸಿ, ಎಲ್‌ಇಯುನಿಂದ ಬೇಕಾದಷ್ಟು ಮಾಲಿಬ್ಡಿನಂ ಮಾಡಲು ತಾಂತ್ರಿಕ ಅಡ್ಡಿ ಏನೂ ಇಲ್ಲ, ವೆಚ್ಚ ಸರಾಸರಿ ನೂರಕ್ಕೆ 10ಕ್ಕಿಂತ ಕಮ್ಮಿಯೇ ಏರಬಹುದು ಅಂತ ಬರೆದವು. ಮುಗಿಯಿತಲ್ಲ? ಎಲ್ಲಿ ಮುಗಿಯಿತು! 2012ರಲ್ಲಿ ಸೋಲ್‌ನ ಅಣು ಭದ್ರತಾ ಶೃಂಗಸಭೆಯಲ್ಲಿ ಬೆಲ್ಜಿಯಂ, ಫ್ರಾನ್ಸ್, ನೆದರ್ಲೆಂಡ್ಸ್, ಅಮೆರಿಕ ಜಂಟಿ ಹೇಳಿಕೆ ಕೊಟ್ಟವು, ಎಲ್‌ಇಯುಗೆ ಬದಲಾಗುವ ಗುರಿ 2015. ನೆದರ್ಲೆಂಡ್ಸಿನ ಪೆಟೆನ್‌ನಲ್ಲಿನ ತಯಾರಕರು ಮುಗಿಸಿದ್ದು 2018ರಲ್ಲಿ. ಬೆಲ್ಜಿಯಂನ ಫ್ಲೂರುಸ್‌ನವರು 2023ರಲ್ಲಿ. ರಷ್ಯಾ ಈ ಸಾಲಿಗೆ ಸೇರಲೇ ಇಲ್ಲ, ಅದರ ಮಾತು ಬಿಡಿ.

ಇದಕ್ಕೊಂದು ಸಿದ್ಧ ಉತ್ತರ ಇದೆ, ನಿನ್ನೆಯೂ ಬಂತು. ಎಚ್‌ಇಯು ಇದ್ದರೇನಂತೆ, ಭದ್ರವಾಗಿ ಕಾಯುತ್ತಿದ್ದೆವಲ್ಲ ಅಂತ. ಹೌದೇ? 2007ರ ನವೆಂಬರಿನಲ್ಲಿ ದಕ್ಷಿಣ ಆಫ್ರಿಕಾದ ಪೆಲಿಂಡಾಬಾ ಅಣುಕೇಂದ್ರಕ್ಕೆ ಬಂದೂಕುಧಾರಿಗಳು ನುಗ್ಗಿದರು, ವಿದ್ಯುತ್ ಬೇಲಿಯನ್ನೇ ನಿಷ್ಕ್ರಿಯ ಮಾಡಿ. ಆ ದೇಶ ತನ್ನ ಬಾಂಬುಗಳನ್ನು ಬಿಚ್ಚಿದ ಮೇಲೆ ಉಳಿದ ಎಚ್‌ಇಯು ಇಟ್ಟಿರುವ ಜಾಗ ಅದು. ಒಬ್ಬರಿಗೆ ಗುಂಡು ಹೊಡೆದು, ಮುಕ್ಕಾಲು ಗಂಟೆಯಷ್ಟು ಒಳಗಿದ್ದು, ಬಂದ ದಾರಿಯಲ್ಲೇ ಹೋದರು. ಅದು ಹೋಗಲಿ, ಅಮೆರಿಕಕ್ಕೇ ಬನ್ನಿ. ಟೆನೆಸ್ಸಿಯ ವೈ-12 ಅಂದರೆ ಅವರ ಎಚ್‌ಇಯು ಉಗ್ರಾಣ. 2012ರ ಜುಲೈನಲ್ಲಿ ಅದರ ಬೇಲಿಗಳನ್ನು ಕತ್ತರಿಸಿ ಉಗ್ರಾಣದ ಗೋಡೆಯವರೆಗೆ ಹೋಗಿ ಶಾಂತಿ ಘೋಷಣೆ ಬರೆದದ್ದು ಮೂವರು, ಅವರಲ್ಲಿ ಒಬ್ಬರು 82 ವರ್ಷದ ಕ್ರೈಸ್ತ ಸಂನ್ಯಾಸಿನಿ ಮೇಗನ್ ರೈಸ್. 82 ವರ್ಷದ ಅಜ್ಜಿಯನ್ನು ತಡೆಯಲಾಗದ ಭದ್ರತೆ!

ಇನ್ನೊಂದು ವಾದಕ್ಕೆ ಸ್ವಲ್ಪ ಮರ್ಯಾದೆ ಕೊಡುತ್ತೇನೆ. ಎಲ್‌ಇಯು ಆದರೆ ಅಷ್ಟೇ ಮಾಲಿಬ್ಡಿನಂಗೆ ಸುಮಾರು ಐದು ಪಟ್ಟು ಯುರೇನಿಯಂ ಹಾಕಬೇಕು, ಹಾಗಾಗಿ ಕಸವೂ ಹೆಚ್ಚು. ನಿಜ. ಕರಗಿಸುವ ಕ್ರಮ, ಶೋಧಿಸುವ ಕ್ರಮ, ಔಷಧ ನಿಯಂತ್ರಕರ ಒಪ್ಪಿಗೆ ಎಲ್ಲ ಹೊಸದಾಗಿ ಆಗಬೇಕು. ಅದೂ ನಿಜ, ಹಾಟ್ ಸೆಲ್ಲಿನೊಳಗೆ (ವಿಕಿರಣ ಹೊರಬಾರದ ದಪ್ಪ ಗೋಡೆಯ ಕೋಣೆ) ಒಂದು ಕವಾಟ ಬದಲಿಸುವುದು ಎಷ್ಟು ತಲೆನೋವು ಅಂತ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಆದರೆ ಇದು ಕಷ್ಟದ ಕೆಲಸ ಅನ್ನುವುದಕ್ಕೆ ಕಾರಣವೇ ಹೊರತು ಮಾಡದೇ ಇರುವುದಕ್ಕಲ್ಲ. ಸಿರಿಂಜಿಗೆ ಬಂದ ಟೆಕ್ನೀಷಿಯಂಗೆ ತನ್ನ ಮೂಲ ಯಾವ ಯುರೇನಿಯಂ ಅಂತ ಗೊತ್ತೇ ಇರುವುದಿಲ್ಲ, ಮೂಳೆಗೂ ಗೊತ್ತಾಗುವುದಿಲ್ಲ.

ರೋಗಿಗೆ ನಿಜವಾಗಿ ಏಟು ಬಿದ್ದದ್ದು ಯಾವಾಗ ಗೊತ್ತೇ? ಎಲ್‌ಇಯುನಿಂದಲ್ಲ, ಮುದಿ ರಿಯಾಕ್ಟರುಗಳಿಂದ. ಕೆನಡಾದ ಚಾಕ್ ರಿವರಿನ ಎನ್‌ಆರ್‌ಯು 1957ರದ್ದು. 2009ರ ಮೇ ತಿಂಗಳಲ್ಲಿ ಭಾರಜಲ ಸೋರಿ ನಿಂತದ್ದು 2010ರ ಆಗಸ್ಟ್‌ವರೆಗೆ ಎದ್ದೇಳಲಿಲ್ಲ. ಅದರ ಬದಲಿಗೆಂದು ಕಟ್ಟಿದ್ದ ಎರಡು ಮೇಪಲ್ ರಿಯಾಕ್ಟರುಗಳನ್ನು, ಅವೂ ಎಚ್‌ಇಯು ಟಾರ್ಗೆಟ್ ನಂಬಿಕೊಂಡೇ ಕಟ್ಟಿದವು, 2008ರಲ್ಲಷ್ಟೇ ಕೈಬಿಟ್ಟಿದ್ದರು. ಅದರ ಮಧ್ಯೆ ಪೆಟೆನ್ ರಿಯಾಕ್ಟರೂ 2010ರಲ್ಲಿ ದುರಸ್ತಿಗೆ ನಿಂತಿತು. ಆ ಬರಗಾಲದಲ್ಲಿ ಪೋಲೆಂಡಿನ ಮರಿಯಾ, ಚೆಕ್ ದೇಶದ ಎಲ್‌ವಿಆರ್-15 ಹೊಸದಾಗಿ ಈ ಕೆಲಸಕ್ಕೆ ಇಳಿದು ಹೆಗಲು ಕೊಟ್ಟವು. ಯಾವ ರಿಯಾಕ್ಟರ್ ಯಾವ ವಾರ ನಿಲ್ಲಬೇಕು ಅಂತ ದೇಶಗಳು ಕೂತು ಕ್ಯಾಲೆಂಡರ್ ಹೊಂದಿಸಲು ಕಲಿತದ್ದೂ ಆಗಲೇ. ಮುಂದುವರಿದ ದೇಶಗಳ ಕೂಟವಾದ ಒಇಸಿಡಿಯ ಅಣುಶಕ್ತಿ ಸಂಸ್ಥೆ ಅದಕ್ಕೆಂದೇ 2009ರಲ್ಲಿ ಒಂದು ಉನ್ನತ ಮಟ್ಟದ ತಂಡ ಕಟ್ಟಿತು. ಇದನ್ನು ನಾನು ಸಹಕಾರ ಅನ್ನುತ್ತೇನೆ. ಫ್ರಾನ್ಸಿನಲ್ಲಿ ಎಲ್‌ಇಯು ತಟ್ಟೆ ತಯಾರಾಗಿ, ಇನ್ನೊಂದು ದೇಶದ ರಿಯಾಕ್ಟರಿನಲ್ಲಿ ಕಾದು, ಮತ್ತೊಂದು ದೇಶದಲ್ಲಿ ಕರಗಿ, ಸಮುದ್ರದಾಚೆ ಒಬ್ಬರ ಮೂಳೆಯಲ್ಲಿ ಹೊಳೆಯುವುದಿದೆಯಲ್ಲ, ಅದನ್ನು ನೆನೆದರೆ ನನಗೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ. ನಿನ್ನೆಯ ಸಭೆಯಲ್ಲಿ ಇದಕ್ಕೆ ಸಿಕ್ಕಿದ್ದು ಒಂದೇ ಸ್ಲೈಡು.

ದುಡ್ಡಿನ ವಿಷಯಕ್ಕೆ ಅದೂ ಸಿಗಲಿಲ್ಲ. ಅದೇ ಒಇಸಿಡಿ ತಂಡ ಬಿಡಿಸಿ ಲೆಕ್ಕ ಹಾಕಿತ್ತು: ಸ್ಕ್ಯಾನಿಗೆ ತೆರುವ ಹಣದಲ್ಲಿ ರಿಯಾಕ್ಟರಿಗೆ ಹೋಗುವ ಪಾಲು ನೂರಕ್ಕೆ ಒಂದೂ ಇಲ್ಲ. ರಿಯಾಕ್ಟರಿನ ಉಳಿದ ಖರ್ಚನ್ನು ಸರ್ಕಾರಗಳು, ಅಂದರೆ ತೆರಿಗೆ ಕಟ್ಟುವವರು, ಬಹಳ ವರ್ಷ ತುಂಬುತ್ತಾ ಬಂದರು. ಎಲ್‌ಇಯುಗೆ ಬದಲಾದವರಿಗೆ ಉತ್ತೇಜನ ಅಂತ ಅಮೆರಿಕದ ಸರ್ಕಾರಿ ಆರೋಗ್ಯ ವಿಮೆ ಮೆಡಿಕೇರ್ 2013ರಿಂದ ಒಂದು ಡೋಸಿಗೆ 10 ಡಾಲರ್ ಹೆಚ್ಚುವರಿ ಕೊಟ್ಟಿತು. ಕಾಗದ ತುಂಬುವ ಗೋಳಿಗೇ ಅದು ಸಾಲದು ಅಂತ, ಆ ಹಣ ಕೇಳಲು ಬಂದ ಆಸ್ಪತ್ರೆಗಳೇ ಕಮ್ಮಿ. ಯುರೇನಿಯಂನ ಗೊಡವೆಯೇ ಇಲ್ಲದೆ ಮಾಲಿಬ್ಡಿನಂ-98ಕ್ಕೆ ನ್ಯೂಟ್ರಾನ್ ಹಿಡಿಸಿ 99 ಮಾಡುತ್ತಿದ್ದ ವಿಸ್ಕಾನ್ಸಿನ್‌ನ ನಾರ್ತ್‌ಸ್ಟಾರ್, 2018ರಲ್ಲಿ ಒಪ್ಪಿಗೆ ಪಡೆದು, 2023ರಲ್ಲಿ ಆ ಕೆಲಸಕ್ಕೇ ಕೈಮುಗಿಯಿತು. ಹೊಸ ದಾರಿ ಹಿಡಿದವರು ನೆಲಕಚ್ಚುತ್ತಾರೆ, ಕೊನೆಯವರೆಗೆ ಜಗ್ಗಾಡಿದವರು ವೆಬಿನಾರಿನಲ್ಲಿ ಮಂದಹಾಸ ಬೀರುತ್ತಾರೆ.

2024ರ ಅಕ್ಟೋಬರಿನಲ್ಲಿ ಪೆಟೆನ್ ರಿಯಾಕ್ಟರಿನ ಒಂದು ಪೈಪು ಡೊಂಕಾಗಿ ಮತ್ತೆ ಎಲ್ಲೆಡೆ ಕೊರತೆ ಬಂತು. 1961ರ ರಿಯಾಕ್ಟರ್ ಅದು. ಅದರ ಬದಲಿ, ಪಲ್ಲಾಸ್, ಇನ್ನೂ ಕಟ್ಟುತ್ತಲೇ ಇದ್ದಾರೆ. ರೋಗಿಯೇ ಮುಖ್ಯ ಅನ್ನುವವರು ಅಲ್ಲಿಗೆ ದುಡ್ಡು ಹಾಕಲಿ, ಟೆಕ್ನೀಷಿಯಂಗೆ ತಗಲುವ ನಿಜವಾದ ಬೆಲೆ ಕೊಡಲಿ, ಅಡಚಣೆಯ ಕಾಲಕ್ಕೆಂದು ಸ್ವಲ್ಪ ಉತ್ಪಾದನಾ ಸಾಮರ್ಥ್ಯವನ್ನು ದುಡ್ಡು ಕೊಟ್ಟು ಖಾಲಿ ಇಟ್ಟುಕೊಳ್ಳಲಿ. ಆಮೇಲೆ ನಾನೂ ಚಪ್ಪಾಳೆಯ ಗುರುತು ಒತ್ತುತ್ತೇನೆ.

ಸೈಕ್ಲೋಟ್ರಾನ್ ಅನ್ನುವ ಕಣ ವೇಗವರ್ಧಕ ಯಂತ್ರದಲ್ಲೇ ನೇರವಾಗಿ ಟೆಕ್ನೀಷಿಯಂ ಮಾಡಬಹುದಲ್ಲ ಅಂತ ಕಾಮೆಂಟಿನಲ್ಲಿ ಯಾರಾದರೂ ಕೇಳೇ ಕೇಳುತ್ತೀರಿ. ಮಾಡಬಹುದು, ಕೆನಡಾದವರು ಮಾಡಿಯೂ ತೋರಿಸಿದ್ದಾರೆ. 6 ಗಂಟೆಯ ಅರ್ಧಾಯುಷ್ಯ ಇಟ್ಟುಕೊಂಡು ಅದನ್ನು ಎಷ್ಟು ದೂರ ಸಾಗಿಸಬಹುದು ಅನ್ನುವುದು ಬೇರೆ ಲೆಕ್ಕ. ಅದನ್ನು ಇನ್ನೊಂದು ದಿನ ಬರೆಯುತ್ತೇನೆ, ಈ ಸಿಟ್ಟು ಇಳಿದ ಮೇಲೆ.