ಎಂಟು ಬಾಗಿಲಿನ ಮುಂದಿನ ಸಾಲು

ಕೊಳೆಗೇರಿಯ ಜನ ಮಾತು ಕೇಳಲಿಲ್ಲ, ಅದಕ್ಕೇ ಮುಂಬಯಿಯಲ್ಲಿ ಕೊರೊನಾ ಆ ಪರಿ ಹಬ್ಬಿತು ಅಂತ ಮೊನ್ನೆ ಪರಿಚಯದವರೊಬ್ಬರು ಬರೆದಿದ್ದರು. ಲೈಕು ಬೇರೆ ರಾಶಿ ರಾಶಿ. ಓದಿ ಮೈ ಉರಿಯಿತು.

ನಾನು ಆಗ ಇದ್ದದ್ದು ಚೆಂಬೂರಿನ ಒಂದು ಗಲ್ಲಿಯಲ್ಲಿ. ಈಗಲೂ ಅಲ್ಲೇ. ಗಲ್ಲಾದ ಮೇಲೆ ಕೂರುತ್ತಿದ್ದ ಹೋಟೆಲಿಗೆ ಬೀಗ ಬಿದ್ದಿತ್ತು. 2020ರ ಮಾರ್ಚ್ 24ರ ರಾತ್ರಿ ಎಂಟಕ್ಕೆ ಟಿವಿಯಲ್ಲಿ ಘೋಷಣೆ, ಹನ್ನೆರಡಕ್ಕೆ ದೇಶವೇ ಬಂದ್. ಮನೆಯಲ್ಲೇ ಇರಿ ಎಂದರು. ಇದ್ದೆವು. ಆದರೆ ನಮ್ಮ ಖೋಲಿಗಳಲ್ಲಿ ಪಾಯಿಖಾನೆ ಇಲ್ಲವಲ್ಲ! ಇಡೀ ಗಲ್ಲಿಗೆ ಎಂಟು ಬಾಗಿಲು. ಬೆಳಿಗ್ಗೆ ಐದೂವರೆಗೇ ಡಬ್ಬ ಹಿಡಿದು ಸಾಲು. ಪಕ್ಕದ ಖೋಲಿಯ ಯಾದಗಿರಿ ಕಡೆಯ ಅವ್ವ ಸೆರಗನ್ನು ಮೂಗಿಗೆ ಒತ್ತಿಕೊಂಡು ಕೇಳಿದ್ದಳು: "ಅಣ್ಣಾ, ಎರಡು ಗಜ ದೂರ ಅಂತಾರಲ್ಲ, ಹಂಗ ನಿಂತ್ರ ಈ ಸಾಲು ಸ್ಟೇಷನ್ ತನಕ ಹೋಗ್ತದೇನು?" ನಗು ಬಂತು, ನಗಲಾಗಲಿಲ್ಲ.

ಜುಲೈನಲ್ಲಿ ನೀತಿ ಆಯೋಗ, ಮುಂಬಯಿ ಪಾಲಿಕೆ, ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಸೇರಿ ಮೂರು ವಾರ್ಡುಗಳಲ್ಲಿ ಸುಮಾರು 7,000 ಜನರ ರಕ್ತ ಪರೀಕ್ಷಿಸಿದವು. ನಮ್ಮ ಚೆಂಬೂರು, ಮಾಟುಂಗ, ದಹಿಸರ್. ಕೊಳೆಗೇರಿಗಳಲ್ಲಿ ನೂರಕ್ಕೆ 57 ಮಂದಿಗೆ ಸೋಂಕು ಬಂದು ಹೋಗಿತ್ತು, ಬಿಲ್ಡಿಂಗುಗಳಲ್ಲಿ 16. ಟಿವಿಯವರು ಹಿಡಿದದ್ದು ಒಂದೇ ಮಾತು, ಸಾಮೂಹಿಕ ರೋಗನಿರೋಧಕ ಶಕ್ತಿ, ಅಂದರೆ ಬಹಳ ಜನಕ್ಕೆ ಬಂದು ಹೋದರೆ ರೋಗ ಹರಡುವುದು ತಾನೇ ತಗ್ಗುತ್ತದೆ ಎಂಬುದು. ಕಿಕ್ಕಿರಿದ ವಾಸ, ಎಲ್ಲರಿಗೂ ಒಂದೇ ಪಾಯಿಖಾನೆ ಇದಕ್ಕೆ ಕಾರಣವಿರಬಹುದು ಎಂದು ಪಾಲಿಕೆಯೇ ಹೇಳಿದ್ದನ್ನು ಯಾರೂ ಎತ್ತಲಿಲ್ಲ. ನನಗೆ ಆ 57ರೊಳಗೆ ಕಂಡದ್ದು ಎಂಟು ಬಾಗಿಲು.

ಧಾರಾವಿಯಲ್ಲಿ ಪಾಲಿಕೆಗೆ ಇದು ಬೇಗ ಹೊಳೆಯಿತು, ಒಪ್ಪಬೇಕು. ಏಪ್ರಿಲ್ 1ಕ್ಕೆ ಅಲ್ಲಿ ಮೊದಲ ಪ್ರಕರಣ. ಹತ್ತಡಿ ಖೋಲಿಯಲ್ಲಿ ಹೋಮ್ ಕ್ವಾರಂಟೈನ್ ಎಂಬುದು ನಡೆಯುವ ಮಾತಲ್ಲ ಎಂದು ಶಂಕಿತರನ್ನು ಶಾಲೆ, ಕಲ್ಯಾಣಮಂಟಪಗಳಿಗೆ ಸಾಗಿಸಿದರು. ಸಾರ್ವಜನಿಕ ಪಾಯಿಖಾನೆಗಳನ್ನು ದಿನಕ್ಕೆ ಹಲವು ಸಲ ತೊಳೆಸಿದರು. ಜುಲೈನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಟೆಡ್ರೋಸ್ ಧಾರಾವಿಯ ಹೆಸರೆತ್ತಿ ಹೊಗಳಿದರು. ಅಲ್ಲಿಯ ಜನರೂ ನಮ್ಮಂಥವರೇ. ಬೇರೆಯಿದ್ದದ್ದು ಅವರಿಗೆ ಹಾಕಿದ ನಿಯಮ.

ಈ ಊರಿಗೆ ಇದು ಹೊಸ ಪಾಠವೂ ಅಲ್ಲ. 1896ರಲ್ಲಿ ಪ್ಲೇಗ್ ಬಂದಾಗ ಮರುವರ್ಷವೇ ಸಾಂಕ್ರಾಮಿಕ ರೋಗಗಳ ಕಾಯ್ದೆ ಬಂತು. 2020ರಲ್ಲೂ ಸರ್ಕಾರ ಮೊದಲು ಕೈಗೆತ್ತಿಕೊಂಡದ್ದು ಅದೇ ಹಳೇ ಕಾಯ್ದೆಯನ್ನು. ಆದರೆ ಪ್ಲೇಗಿನ ಬೆನ್ನಿಗೆ, 1898ರಲ್ಲಿ, ನಗರ ಸುಧಾರಣಾ ಟ್ರಸ್ಟನ್ನೂ ಕಟ್ಟಿದ್ದರು. ಬಡವರ ಮನೆ ಬಹಳಷ್ಟು ಕೆಡವಿದ ಟ್ರಸ್ಟ್ ಅದು, ಹೊಗಳುತ್ತಿಲ್ಲ. ಆದರೂ ದಾದರ್, ಮಾಟುಂಗದ ಗಾಳಿಬೆಳಕಿನ ಬಡಾವಣೆಗಳು ಅದರದೇ ಯೋಜನೆ. ನಮ್ಮ ಉಡುಪಿ ಹೋಟೆಲುಗಳು ಬೇರುಬಿಟ್ಟ ಮಾಟುಂಗ! ಈ ಸಲ ಕಾಯ್ದೆ ಬಂತು, ರಕ್ತ ತೆಗೆದರು, ಅಂಕಿಯೂ ಸಿಕ್ಕಿತು. ನಮ್ಮ ಗಲ್ಲಿಗೆ ಒಂಬತ್ತನೇ ಬಾಗಿಲು ಬರಲಿಲ್ಲ.

ಎಂಟು ಅಂದೆನಲ್ಲ, ಅದೂ ಪೂರ್ತಿ ನಿಜವಲ್ಲ. ಮೂರನೆಯದರ ಚಿಲಕ ಕಿತ್ತುಹೋಗಿ ವರ್ಷವಾಯಿತು. ಇವತ್ತು ಬೆಳಿಗ್ಗೆ ಅವ್ವ ಒಳಗಿದ್ದಾಗ ಅವಳ ಮೊಮ್ಮಗಳು ಹೊರಗಿಂದ ಬಾಗಿಲನ್ನು ಕಾಲಲ್ಲಿ ಒತ್ತಿ ಹಿಡಿದು ನಿಂತಿದ್ದಳು, ಕೈಯಲ್ಲಿ ಶಾಲೆಯ ಪುಸ್ತಕ.