ಬರ್ಲಿನ್ನನ್ನು ಹಿಂದೆ ಹಾಕಿದ ನಮ್ಮ ಓಣಿ

ಈಚೆಗೆ ರಾಯಚೂರಿನ ನಮ್ಮ ಓಣಿಯ ತಿರುವಿನಲ್ಲಿ, ಕರೆಂಟ್ ಕಂಬಕ್ಕೂ ಬೇವಿನ ಮರಕ್ಕೂ ಹಗ್ಗ ಬಿಗಿದು, ಇಪ್ಪತ್ತು ಅಡಿ ಉದ್ದದ ಫ್ಲೆಕ್ಸ್ ಒಂದನ್ನು ಕಟ್ಟಿದರು. ಅದರ ಮೇಲಂಚಿನಲ್ಲಿ ಕೈಮುಗಿದು ನಿಂತ ಮುಖಂಡರು, ಅವರ ಅಕ್ಕಪಕ್ಕ ಅವರಿಗೆ ಶುಭ ಕೋರುವ ಹದಿನೇಳು ತಲೆಗಳು, ಕೆಳಗೆ ಆರ್ಥಿಕ ಬೆಳವಣಿಗೆ ತೋರಿಸಲು ಎಡಕ್ಕೊಂದು ಬಲಕ್ಕೊಂದು ದೊಡ್ಡ ಬಾಣ. ಆಕಾಶಕ್ಕೆ ಮುಖ ಮಾಡಿದ ಎಡಗಡೆಯ ಹಸಿರು ಬಾಣ ನಮ್ಮದು. ಚರಂಡಿಯ ಕಡೆಗೆ ಬಾಗಿದ ಬಲಗಡೆಯ ಕೆಂಪು ಬಾಣ ಜರ್ಮನಿಯದು. ನಡುವೆ ದಪ್ಪ ಅಕ್ಷರಗಳಲ್ಲಿ, ‘ಯುರೋಪನ್ನು ಹಿಂದಿಕ್ಕಿದ ನಾಡಿಗೆ ಹಾರ್ದಿಕ ಸ್ವಾಗತ’ ಎಂದಿತ್ತು.

ಈ ಫ್ಲೆಕ್ಸಿನಲ್ಲಿ ಸುಳ್ಳು ಒಂದೂ ಇರಲಿಲ್ಲ ಎಂಬುದನ್ನು ನಾನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಜರ್ಮನಿಯ ಆರ್ಥಿಕತೆ 2023ರಲ್ಲಿ ಕುಗ್ಗಿತು, 2024ರಲ್ಲಿ ಮತ್ತೆ ಕುಗ್ಗಿತು. ಭಾರತ 2024–25ರಲ್ಲಿ ಶೇ 6.5ರಷ್ಟು ಬೆಳೆಯಿತು. ಸುಳ್ಳಾಗಿದ್ದರೆ ನಾಲ್ಕು ದಿನಕ್ಕೆ ಬಯಲಾಗುತ್ತಿತ್ತು. ನಿಜವಾದ ಅಂಕಿಯನ್ನು ಹಿಡಿದುಕೊಂಡು ಬಂದವನ ಜೊತೆ ಜಗಳವಾಡುವುದು ಕಷ್ಟ.

ಆ ಅಂಕಿಯ ಮಹಿಮೆ ನನಗೆ ಪೂರ್ತಿಯಾಗಿ ಹೊಳೆದದ್ದು ನಮ್ಮ ನಲ್ಲಿಯ ಮುಂದೆ. ಕೃಷ್ಣಾ ಮತ್ತು ತುಂಗಭದ್ರೆಯ ನಡುವಿನ ಈ ನೆಲಕ್ಕಾಗಿ 1520ರಲ್ಲಿ ಕೃಷ್ಣದೇವರಾಯನೂ ಬಿಜಾಪುರದ ಸುಲ್ತಾನನೂ ಸೈನ್ಯ ಕಟ್ಟಿಕೊಂಡು ಕಾದಾಡಿದರು. ನಮ್ಮ ಓಣಿಯವರು ಇಂದಿಗೂ ಅವೇ ನದಿಗಳ ಎರಡು ಕೊಡ ನೀರಿಗಾಗಿ ಸಾಲುಗಟ್ಟಿ ಕಾದಾಡುತ್ತಾರೆ. ಹೋದ ಬೇಸಿಗೆಯಲ್ಲಿ ನಮಗೆ ಎಂಟು ದಿನಕ್ಕೊಮ್ಮೆ ನೀರು ಬರುತ್ತಿತ್ತು, ಈ ಬೇಸಿಗೆಯಲ್ಲಿ ನಾಲ್ಕು ದಿನಕ್ಕೊಮ್ಮೆ ಬರುತ್ತಿದೆ. ಅಂದರೆ ನೀರು ಪೂರೈಕೆಯಲ್ಲಿ ನಮ್ಮ ಓಣಿ ಒಂದೇ ವರ್ಷಕ್ಕೆ ಶೇ 100ರ ಬೆಳವಣಿಗೆ ಸಾಧಿಸಿದೆ. ಬರ್ಲಿನ್ನಿನಲ್ಲಿ ಹೋದ ವರ್ಷವೂ ದಿನಪೂರ್ತಿ ನೀರಿತ್ತು, ಈ ವರ್ಷವೂ ಇದೆ, ಆದ್ದರಿಂದ ಅಲ್ಲಿ ಬೆಳವಣಿಗೆ ಸೊನ್ನೆ. ಪಾಪ, ಬೆಳೆಯಲು ಅವರಿಗೆ ಜಾಗವೇ ಉಳಿದಿಲ್ಲ.

ಈ ಲೆಕ್ಕವನ್ನು ನಲ್ಲಿಯ ಮುಂದೆ ನಿಂತವರಿಗೆ ಬಿಡಿಸಿ ಹೇಳಿದಾಗ ಪಕ್ಕದ ಮನೆಯ ಶಂಕ್ರಮ್ಮನವರು ಖಾಲಿ ಕೊಡವನ್ನು ಸೊಂಟದಿಂದ ಇಳಿಸದೆಯೇ ಕೇಳಿದರು: “ಹಂಗಾದ್ರ ಮಾಸ್ತರ, ಮುಂದಿನ ವರ್ಷ ನೀರು ಪೂರಾ ನಿಂದ್ರಿಸಿ, ಅದರ ಮರುವರ್ಷ ಒಂದು ದಿನ ಬಿಟ್ರ ಬೆಳವಣಿಗಿ ಎಷ್ಟ್ ಆಗ್ತದ್ರಿ?” ಗಣಿತ ಪಾಠ ಮಾಡಿಯೇ ನಿವೃತ್ತನಾದ ನನ್ನ ಬಳಿ ಉತ್ತರವಿರಲಿಲ್ಲ. ಸೊನ್ನೆಯಿಂದ ಭಾಗಿಸಲು ಬರುವುದಿಲ್ಲ.

ಆದರೆ ಪೂರ್ತಿ ಸೊನ್ನೆಗೆ ಇಳಿಯದೆ ಅರ್ಧದಲ್ಲಿ ನಿಂತರೆ ಈ ವಿದ್ಯೆ ಸೊಗಸಾಗಿ ಕೆಲಸ ಮಾಡುತ್ತದೆ. ಕೊರೊನಾ ಲಾಕ್‌ಡೌನಿನ ಮೊದಲ ತ್ರೈಮಾಸಿಕದಲ್ಲಿ, ಅಂದರೆ 2020ರ ಏಪ್ರಿಲ್‌ನಿಂದ ಜೂನ್‌ವರೆಗೆ, ದೇಶದ ಆರ್ಥಿಕತೆ ಶೇ 24.4ರಷ್ಟು ಕುಸಿದಿತ್ತು. ಮರುವರ್ಷದ ಅದೇ ಮೂರು ತಿಂಗಳಲ್ಲಿ ಶೇ 20.1ರಷ್ಟು ಏರಿತೆಂದು ಪ್ರಕಟವಾದಾಗ ಪಟಾಕಿ ಹಚ್ಚುವುದೊಂದು ಬಾಕಿ ಉಳಿದಿತ್ತು. ನೂರು ರೂಪಾಯಿ ಇದ್ದದ್ದು ಎಪ್ಪತ್ತೈದು ರೂಪಾಯಿ ಅರವತ್ತು ಪೈಸೆಗೆ ಇಳಿದು, ಅಲ್ಲಿಂದ ಏರಿ ಸುಮಾರು ತೊಂಬತ್ತೊಂದು ರೂಪಾಯಿಗೆ ಬಂದಿತ್ತು, ಅಷ್ಟೆ. ಕಿಸೆಯಲ್ಲಿ ಒಂಬತ್ತು ರೂಪಾಯಿ ಕಡಿಮೆ ಇದ್ದವನು ಜಗತ್ತಿನಲ್ಲೇ ಅತಿ ವೇಗವಾಗಿ ಶ್ರೀಮಂತನಾಗುತ್ತಿರುವವನೆಂದು ಹಾರ ಹಾಕಿಸಿಕೊಂಡ.

ಜರ್ಮನಿಯ ಲೆಕ್ಕಕ್ಕೆ ಮರಳೋಣ. ಅಲ್ಲಿ ತಲೆಗೆ ಬರುವ ವಾರ್ಷಿಕ ಉತ್ಪನ್ನ ಸುಮಾರು 55,000 ಡಾಲರ್, ನಮ್ಮಲ್ಲಿ ಸುಮಾರು 2,700 ಡಾಲರ್. ಅವರು ಆಕಳಿಸುತ್ತ ಶೇ 1ರಷ್ಟು ಬೆಳೆದರೆ ತಲೆಗೆ 550 ಡಾಲರ್ ಹೆಚ್ಚುತ್ತದೆ. ನಾವು ಏದುಸಿರು ಬಿಡುತ್ತ ಶೇ 6.5ರಷ್ಟು ಬೆಳೆದರೆ 175 ಡಾಲರ್. ಅವರು ನಿಂತಲ್ಲೇ ನಿಂತು, ನಮ್ಮ ತಲಾ ಉತ್ಪನ್ನ ಒಂದು ವರ್ಷವೂ ತಪ್ಪದೆ ಶೇ 6ರಂತೆ ಏರುತ್ತ ಹೋದರೂ ಅವರಿಗೆ ಸರಿಸಾಟಿಯಾಗಲು ಐವತ್ತೆರಡು ವರ್ಷ ಬೇಕು. ಅಷ್ಟರಲ್ಲಿ ಫ್ಲೆಕ್ಸಿನಲ್ಲಿರುವ ಹದಿನೇಳು ಮಂದಿಯಲ್ಲಿ ಹೆಚ್ಚಿನವರ ಭಾವಚಿತ್ರ ಬೇರೆ ಬಗೆಯ ಫ್ಲೆಕ್ಸಿನಲ್ಲಿ ಇರುತ್ತದೆ.

ಯುರೋಪಿನಿಂದ ಕಲಿಯುವುದು ಏನೂ ಇಲ್ಲವೆಂದು ಯಾರೂ ತಿಳಿಯಬಾರದು. ಐರ್ಲೆಂಡ್ 2015ರಲ್ಲಿ ತಾನು ಶೇ 26ರಷ್ಟು ಬೆಳೆದೆನೆಂದು ಮರುವರ್ಷ ಘೋಷಿಸಿತು. ಆ ವರ್ಷ ಅಲ್ಲಿ ಹೊಲಗಳು ದುಪ್ಪಟ್ಟು ಬೆಳೆ ಕೊಟ್ಟಿರಲಿಲ್ಲ, ಊರೂರಿಗೆ ಹೊಸ ಕಾರ್ಖಾನೆಗಳು ಎದ್ದಿರಲಿಲ್ಲ. ದೊಡ್ಡ ಬಹುರಾಷ್ಟ್ರೀಯ ಕಂಪನಿಗಳು ತೆರಿಗೆಯ ಅನುಕೂಲ ನೋಡಿಕೊಂಡು ತಮ್ಮ ಪೇಟೆಂಟು ಮುಂತಾದ ಬೌದ್ಧಿಕ ಆಸ್ತಿಗಳನ್ನು ಕಾಗದದ ಮೇಲೆ ಐರ್ಲೆಂಡಿಗೆ ಸ್ಥಳಾಂತರಿಸಿದ್ದವು, ಅವುಗಳಿಂದ ಬರುವ ಗಳಿಕೆಯೆಲ್ಲ ಐರ್ಲೆಂಡಿನ ಉತ್ಪನ್ನವೆಂದು ಜಮಾ ಆಗಿತ್ತು. ಆ ದೇಶದ ಜನಪದ ಕತೆಗಳಲ್ಲಿ ಚಿನ್ನದ ಗಡಿಗೆ ಬಚ್ಚಿಟ್ಟುಕೊಳ್ಳುವ ಲೆಪ್ರಿಕಾನ್ ಎಂಬ ಕುಳ್ಳ ಇದ್ದಾನೆ. ಅರ್ಥಶಾಸ್ತ್ರಜ್ಞ ಪಾಲ್ ಕ್ರುಗ್‌ಮನ್ ಇದನ್ನು ‘ಲೆಪ್ರಿಕಾನ್ ಅರ್ಥಶಾಸ್ತ್ರ’ ಎಂದು ಕರೆದರು. ನಮ್ಮ ಜಿಲ್ಲೆಯ ಹಟ್ಟಿ ಚಿನ್ನದ ಗಣಿಯಲ್ಲಿ ಗುಂಜಿ ಚಿನ್ನ ಬೇಕಾದರೂ ಕಾರ್ಮಿಕ ನೆಲದಾಳಕ್ಕೆ ಇಳಿದು ಬಂಡೆ ಒಡೆಯಬೇಕು. ಅಲ್ಲಿ ಲೆಕ್ಕಿಗ ಕುರ್ಚಿಯಿಂದ ಏಳಬೇಕಾಗಿಯೇ ಇರಲಿಲ್ಲ.

ಆದರೂ ಐರಿಷರಿಗೆ ಒಂದು ನಾಚಿಕೆ ಇತ್ತು. ಈ ಅಂಕಿಯಿಂದ ತಮ್ಮ ಜನರ ಬದುಕು ತಿಳಿಯುವುದಿಲ್ಲವೆಂದು ಅವರ ಅಂಕಿಅಂಶ ಕಚೇರಿಯೇ 2017ರಲ್ಲಿ, ಇಂತಹ ಅತಿಥಿ ಗಳಿಕೆಯನ್ನು ಕಳೆದು ನೋಡುವ ಬೇರೊಂದು ಅಳತೆಯನ್ನು ರೂಪಿಸಿತು. ಆ ಅಳತೆಗೋಲನ್ನು ಯಾರಾದರೂ ಇತ್ತ ತಂದರೆ ನಮ್ಮ ಗತಿಯೇನೆಂದು ನನಗೆ ದಿಗಿಲಾಗುತ್ತದೆ. ಶಕ್ತಿನಗರದ ಕಲ್ಲಿದ್ದಲು ವಿದ್ಯುತ್ ಸ್ಥಾವರ 1,720 ಮೆಗಾವಾಟ್ ಸಾಮರ್ಥ್ಯದ್ದು. ಉತ್ಪಾದನೆ ನಮ್ಮ ಜಿಲ್ಲೆಯ ಲೆಕ್ಕಕ್ಕೆ, ಹಾರುಬೂದಿ ನಮ್ಮ ಜಿಲ್ಲೆಯ ಮೂಗಿಗೆ, ವಿದ್ಯುತ್ತು ಮಾತ್ರ ತಂತಿ ಹಿಡಿದು ತನಗೆ ಬೇಕಾದ ಊರಿಗೆ ಹೋಗುತ್ತದೆ. ನೆರೆಯ ಬಳ್ಳಾರಿಯಲ್ಲಿಯೂ ಹೀಗೆಯೇ ಆಯಿತು. 2008ರ ಒಲಿಂಪಿಕ್ಸಿಗಾಗಿ ಬೀಜಿಂಗ್ ಉಕ್ಕು ನುಂಗುತ್ತಿದ್ದ ಕಾಲದಲ್ಲಿ ಸಂಡೂರಿನ ಗುಡ್ಡಗಳು ಕಬ್ಬಿಣದ ಅದಿರಾಗಿ ಲಾರಿ ಹತ್ತಿ ಬಂದರಿಗೆ ಹೋದವು, ಜಿಲ್ಲೆಯ ಆದಾಯದ ಬಾಣ ಮೇಲಕ್ಕೆ ಹೋಯಿತು. 2011ರಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆಯನ್ನು ನಿಲ್ಲಿಸಿದಾಗ ಲಾರಿಗಳು ಹೋದವು, ಮನೆಯ ಮಾಡಿನ ಮೇಲಿನ ಕೆಂಪು ಧೂಳು ಉಳಿಯಿತು.

ಇಷ್ಟೆಲ್ಲ ಯೋಚಿಸಿದ ಮೇಲೆ ಫ್ಲೆಕ್ಸ್ ಕಟ್ಟಿಸಿದ ಯುವ ಮುಖಂಡರನ್ನು ಒಂದು ಸಂಜೆ ಒಗ್ಗರಣಿ-ಮಿರ್ಚಿ ಬಂಡಿಯ ಬಳಿ ಹಿಡಿದು ವಿನಯದಿಂದಲೇ ಕೇಳಿದೆ. ಸುಮಾರು ಏಳು ಸಾವಿರ ಕಿಲೊಮೀಟರ್ ಆಚೆ ಇರುವ ಜರ್ಮನಿಯ ಜೊತೆ ಹೋಲಿಸಿದ್ದೀರಿ, ಸಂತೋಷ. ರಾತ್ರಿ ಬಸ್ಸು ಹತ್ತಿದರೆ ಬೆಳಗಿಗೆ ಸಿಗುವ ಬೆಂಗಳೂರಿನ ಜೊತೆ ಯಾಕೆ ಹೋಲಿಸಲಿಲ್ಲ? ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲೇ ರಾಜ್ಯದ 175 ತಾಲ್ಲೂಕುಗಳನ್ನು ಅಳೆದು, 114 ಹಿಂದುಳಿದವು ಎಂದು ಗುರುತಿಸಿತ್ತು. ಅವುಗಳಲ್ಲಿ 39 ಅತ್ಯಂತ ಹಿಂದುಳಿದವು, ಆ 39ರಲ್ಲಿ 21 ನಮ್ಮ ಕಲಬುರಗಿ ವಿಭಾಗದವು, ಪಟ್ಟಿಯ ಕಟ್ಟಕಡೆಗೆ ನಮ್ಮದೇ ದೇವದುರ್ಗ. ಒಂದು ಬಾಣ ದೇವದುರ್ಗಕ್ಕೂ ಬರೆಸಬಹುದಿತ್ತಲ್ಲ?

ಮುಖಂಡರು ಮಿರ್ಚಿಯ ತೊಟ್ಟು ಕಿತ್ತಿಟ್ಟು, ನನ್ನ ಮೇಲೆ ಕನಿಕರಪಟ್ಟವರಂತೆ ಹೇಳಿದರು: “ಮಾಸ್ತರ, ಜರ್ಮನಿಯವ್ರು ಬಂದು ಕೇಳಂಗಿಲ್ರಿ. ದೇವದುರ್ಗದವ್ರು ನಾಳೇನೇ ಬಂದು ಕೇಳ್ತಾರ.”

ಖಂಡಾಂತರ ಹೋಲಿಕೆಯ ಗುಟ್ಟನ್ನು ಇಷ್ಟು ಚಿಕ್ಕದಾಗಿ ಹೇಳಿದವರನ್ನು ನಾನು ಇದುವರೆಗೆ ಕಂಡಿಲ್ಲ. ಹೋಲಿಕೆಯ ವಸ್ತು ದೂರದಲ್ಲಿದ್ದಷ್ಟೂ ಹೋಲಿಸುವವನಿಗೆ ಕ್ಷೇಮ. ದೇವದುರ್ಗ, ಮಸ್ಕಿ, ಲಿಂಗಸುಗೂರಿನ ಕಡೆಯಿಂದ ಗುಳೆ ಹೊರಟವರು ಹಿಟ್ಟಿನ ಚೀಲ, ಸ್ಟವ್, ಕೂಸುಗಳನ್ನು ಕಟ್ಟಿಕೊಂಡು ಬೆಂಗಳೂರಿನ ಬಸ್ಸು ಹತ್ತುತ್ತಾರೆ. ಅವರು ಅಲ್ಲಿ ಎಬ್ಬಿಸಿದ ಕಟ್ಟಡ ಬೆಂಗಳೂರಿನ ಬೆಳವಣಿಗೆಯೆಂದು ಲೆಕ್ಕಕ್ಕೆ ಸೇರುತ್ತದೆ. ಅವರ ಊರಿನ ಪಾಲಿಗೆ ಕದಕ್ಕೆ ಹಾಕಿದ ಬೀಗ ಉಳಿಯುತ್ತದೆ.

ಮೊನ್ನೆ ಮುಂಗಾರಿನ ಮೊದಲ ಗಾಳಿಗೆ ಬೇವಿನ ಮರದ ಕಡೆಯ ಹಗ್ಗ ಹರಿದು ಫ್ಲೆಕ್ಸು ರಸ್ತೆಗೆ ಬಿತ್ತು. ಗುಳೆ ಹೊರಟಿದ್ದ ಒಂದು ಕುಟುಂಬ ಬಸ್ ನಿಲ್ದಾಣದ ದಾರಿಯಲ್ಲಿ ಅದನ್ನು ಕಂಡು, ಬೆಂಗಳೂರಿನಲ್ಲಿ ಶೆಡ್ಡಿನ ಮೇಲೆ ಹೊದಿಸಲು ಬರುತ್ತದೆಂದು ಒಯ್ಯಬಹುದೇ ಎಂದು ಕೇಳಿತು. ಒಯ್ಯಿರಿ ಎಂದೆವು. ಗಂಡ ಹೆಂಡತಿ ಇಬ್ಬರೂ ಕುಕ್ಕರಗಾಲಲ್ಲಿ ಕುಳಿತು ಎರಡೂ ಕಡೆ ಎಳೆದೆಳೆದು ನೋಡಿದರು. ಹಸಿರು ಬಾಣದ ಕಡೆ ಬಟ್ಟೆ ಚಿಂದಿಯಾಗಿತ್ತು. ಜರ್ಮನಿಯ ಕಡೆ ಗಟ್ಟಿಯಾಗಿತ್ತು. ಅಷ್ಟನ್ನೇ ಕತ್ತರಿಸಿ, ಮಡಿಚಿ, ಹಿಟ್ಟಿನ ಚೀಲದ ಮೇಲಿಟ್ಟುಕೊಂಡು ಹೋದರು.